ಹಾಡುವವರ ಹೆಸರು



ಪಂಚಕಲ್ಯಾಣ ಮಹೋತ್ಸವದ ಈ ಮಂಟಪದಲ್ಲಿ ಪ್ರಾತಃಕಾಲದಿಂದಲೂ ಗಾನವು ನಡೆದೇ ಇದೆ. ಹಾಡುವವರಿಗೆ ಕನ್ನಡದಲ್ಲಿರುವ ಹೆಸರುಗಳಾವುವು, ಅವುಗಳ ತೂಕವೆಷ್ಟು ಎಂಬುದನ್ನು ಕಿಂಚಿತ್ ವಿಚಾರಿಸುವುದು ಸಮಯೋಚಿತವಾದೀತು.

ಹಳಗನ್ನಡದ ‘ಪಾಡು’ ಎಂಬುದೇ ಪಕಾರವು ಹಕಾರವಾಗಿ ‘ಹಾಡು’ ಆಯಿತು. ಅದರಿಂದ ಹಾಡುಗಾರ, ಹಾಡುಗಾರ್ತಿ. ಸಂಸ್ಕೃತದಿಂದ ಬಂದವು ಗಾಯಕ, ಗಾಯಕಿ. ಹುಬ್ಬಳ್ಳಿ-ಧಾರವಾಡಗಳಲ್ಲಿ ‘ಗಾಯಕಿ’ಗೆ ಎರಡರ್ಥ: ಹಾಡುವ ಸ್ತ್ರೀಯೂ ಗಾಯಕಿ, ಹಾಡುವ ರೀತಿಯೂ ಗಾಯಕಿ. ‘ಕಿರಾಣಾ ಗಾಯಕಿ’ ಎಂದರೆ ಅಬ್ದುಲ್ ಕರೀಂ ಖಾನರಿಂದ ಈ ಸೀಮೆಯಲ್ಲಿ ಬೇರೂರಿದ ಗಾನಪದ್ಧತಿ. ಉತ್ತರದ ಕಡೆಯಿಂದ ಬಂದ ‘ಗವಾಯಿ’ ಎಂಬುದು ಇಲ್ಲಿ ಬರಿಯ ವೃತ್ತಿನಾಮವಾಗಿ ಉಳಿಯದೆ ಗೌರವನಾಮವೇ ಆಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಂದೊಡನೆ ಕೈ ಮುಗಿಯದವರು ವಿರಳ.

ಇನ್ನು ‘ಗಂಧರ್ವ’. ಜೈನಾಗಮದಲ್ಲಿ ಗಂಧರ್ವರು ಎಂಟು ಬಗೆಯ ವ್ಯಂತರದೇವರಲ್ಲಿ ಒಂದು ಬಗೆ. ಕುಂಥುನಾಥ ತೀರ್ಥಂಕರರ ಯಕ್ಷನ ನಾಮವೂ ಗಂಧರ್ವ. ಆ ದೇವನಾಮವೇ ರಾಮಭಾವು ಕುಂದಗೋಳಕರರಿಗೆ (1886–1952) ‘ಸವಾಯಿ ಗಂಧರ್ವ’ ಎಂಬ ಬಿರುದಾಗಿ ಒದಗಿತು. ಸವಾಯಿ ಎಂದರೆ ಒಂದೂಕಾಲು ಎಂಬುದನ್ನು ಪೇಟೆಯ ಲೆಕ್ಕ ಬಲ್ಲವರಿಗೆ ಹೇಳಬೇಕಾಗಿಲ್ಲ. ದೇವಲೋಕದ ಗಾಯಕನಿಗಿಂತಲೂ ಕಾಲುಪಾಲು ಹೆಚ್ಚು! ರಸಿಕರು ಕಟ್ಟಿದ ಬೆಲೆ ಇದು.

ಆದರೆ ಎಲ್ಲರಿಗೂ ಈ ಬೆಲೆ ಸಿಗಲಿಲ್ಲ. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರು (1913–2009) ಬಾಲ್ಯದಲ್ಲಿ ಧಾರವಾಡದ ಬೀದಿಯಲ್ಲಿ ನಡೆದರೆ ‘ಗಾನೇವಾಲಿ’ ಎಂದು ಜನ ಹಂಗಿಸುತ್ತಿದ್ದರು. ಅಕ್ಷರಾರ್ಥ ಹಾಡುವವಳು ಎಂದಷ್ಟೇ. ಗಾಯಕಿ ಎಂಬುದಕ್ಕೂ ಅರ್ಥ ಅದೇ. ಕುಲವನ್ನು ಹಳಿಯುವ ನಾಲಗೆಯಲ್ಲಿ ಅದು ಮುಳ್ಳಾಯಿತು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರೆದುರು ಸ್ವಾಗತಗೀತೆ ಹಾಡಿದಾಗಲೂ, ಎಂಜಲೆಲೆ ತೆಗೆಯಲು ಹೇಳಿಯಾರೇ ಎಂಬ ಅಳುಕು ಆ ಬಾಲಕಿಯ ಮನಸ್ಸಿನಲ್ಲಿತ್ತು. ಮುಂದೆ 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರನ್ನರಸಿ ಬಂದವು. ಆದರೂ, ಗಂಡಸರು ಹಾಡಿದರೆ ಪಂಡಿತರೋ ಉಸ್ತಾದರೋ ಆಗುತ್ತಾರೆ, ಹೆಂಗಸರು ‘ಬಾಯಿ’ಗಳಾಗಿಯೇ ಉಳಿಯುತ್ತಾರೆ ಎಂದು ಅವರು ನೊಂದು ನುಡಿದುದುಂಟು.

ಹಿತವೂ ಮಿತವೂ ಪ್ರಿಯವೂ ಆದ ಮಾತನ್ನಾಡಬೇಕೆಂಬುದು ಭಾಷಾಸಮಿತಿಯ ಬೋಧೆ. ಮಾತಿನಿಂದಾಗುವ ನೋವೂ ಹಿಂಸೆಯೇ. ಬಸದಿಯಲ್ಲಿ ಪೂಜಾಷ್ಟಕ ಹಾಡುವ ಸೋದರಿಯರು, ಆರತಿಯ ಹಾಡು ಹೇಳುವ ವೃದ್ಧಮಾತೆಯರು ಅನೇಕರಿದ್ದಾರೆ. ದಾನಿಗಳ ಹೆಸರು ಶಿಲೆಯಲ್ಲಿ ಮೂಡುತ್ತದೆ. ಇವರನ್ನು ಮಾತ್ರ ‘ಹಾಡುವವರು ಬಂದರೇ?’ ಎಂದಷ್ಟೇ ಕೇಳಿ ಬಿಡುವುದುಂಟು. ಇನ್ನು ಮುಂದೆ ಅವರನ್ನೂ ಹೆಸರು ಹಿಡಿದು ಗೌರವದಿಂದ ಕರೆಯುವ ರೂಢಿ ಬೆಳೆಯಲಿ. ಬಿರುದನ್ನು ರಾಜರೂ ರಸಿಕರೂ ಕೊಡಬಲ್ಲರು. ಆದರದ ನುಡಿಯನ್ನು ಪ್ರತಿಯೊಬ್ಬ ಶ್ರಾವಕನೂ ಕೊಡಬಲ್ಲನು.

ಜೈ ಜಿನೇಂದ್ರ.