ಪುರಸಭೆಯ ಕಡತದಲ್ಲಿ ನಮ್ಮ ರಂಗಭೂಮಿ

  

ತೆಲುಗು ನಾಟಕಕಾರರಾದ ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ ಎಂಬ ನಾಟಕ ತಂಡಗಳು ಪೈಪೋಟಿಗೆ ಬಿದ್ದು ಆಡಿದ ಊರು ಬಳ್ಳಾರಿ. ವಕೀಲರಾಗಿದ್ದ ಕೋಲಾಚಲಂ 1908ರಲ್ಲೇ ಜಗತ್ತಿನ ನಾಟಕ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ನಟ ಬಳ್ಳಾರಿ ರಾಘವರು (1880–1946) ಬಣ್ಣ ಹಚ್ಚಿದ ಊರೂ ಇದೇ. ಆದರೆ ಅವರು ಆಡಿದ ಒಂದು ರಾತ್ರಿ ಟಿಕೆಟಿನ ದುಡ್ಡೆಷ್ಟು ಕೂಡಿತು, ಪರದೆ ಬರೆದವರು ಯಾರು ಎಂದು ಕೇಳಿದರೆ ನಮ್ಮ ಕೈಯಲ್ಲಿರುವುದು ಬರೀ ನೆನಪು.

ಲಂಡನ್ನಿನವರಿಗೆ ಈ ಗತಿ ಬರಲಿಲ್ಲ. ಷೇಕ್ಸ್‌ಪಿಯರನ ಕಾಲದ ನಾಟಕಶಾಲೆಯ ಮಾಲೀಕ ಫಿಲಿಪ್ ಹೆನ್ಸ್ಲೊ ಬರೆದಿಟ್ಟ ಲೆಕ್ಕದ ಪುಸ್ತಕ ಡಲ್ವಿಚ್ ಕಾಲೇಜಿನಲ್ಲಿದೆ. ಕವಿಗೆ ಕೊಟ್ಟ ಮುಂಗಡ, ಉಡುಪಿಗೆ ತೆತ್ತ ಹಣ ಎಲ್ಲವೂ ಅದರಲ್ಲಿ ಸಿಗುತ್ತವೆ. ನಾಟಕಶಾಲೆಗಳನ್ನು ಮುಚ್ಚಿಸಿ ಎಂದು 1597ರಲ್ಲಿ ನಗರಾಡಳಿತದವರು ಬರೆದ ಅರ್ಜಿಯೇ ಇಂದು ಆ ರಂಗಭೂಮಿಗೆ ಸಾಕ್ಷಿ. ಟೊರಾಂಟೊ ವಿಶ್ವವಿದ್ಯಾಲಯದವರು ಇಂಗ್ಲೆಂಡಿನ ಊರೂರಿನ ದಾಖಲೆ ಸೋಸಿ, ಹಳೆಯ ನಾಟಕದ ಸುಳಿವುಗಳನ್ನು 1979ರಿಂದ ಪ್ರಕಟಿಸುತ್ತಿದ್ದಾರೆ.

ನಮ್ಮಲ್ಲೂ ಕಾಗದ ಹುಟ್ಟಿರಲೇಬೇಕು. 1876ರ ನಾಟಕ ಪ್ರದರ್ಶನ ಕಾಯ್ದೆ ನಾಟಕವನ್ನು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಆಗ ಬಳ್ಳಾರಿ ಸೇರಿದ್ದ ಮದರಾಸು ಪ್ರಾಂತ್ಯದ 1888ರ ಕಾಯ್ದೆ ಜನ ಸೇರುವ ಮನರಂಜನೆಯ ಜಾಗಕ್ಕೆ ಲೈಸೆನ್ಸ್ ಬೇಕೆಂದಿತು. 1926ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಮನರಂಜನಾ ತೆರಿಗೆ ಹಾಕುವ ಹಕ್ಕು ಬಂತು. ತೆರಿಗೆ ಎತ್ತಿದ ಮೇಲೆ ರಿಜಿಸ್ಟರ್ ಇರದೆ ಹೋಗುತ್ತದೆಯೇ?

ಆ ರಿಜಿಸ್ಟರ್ ಕೇಳಿಕೊಂಡು ವರ್ಷಗಟ್ಟಲೆ ಅಲೆದಿದ್ದೇನೆ. ಕಚೇರಿಯ ಹೆಸರು ಬೇಡ. ಕೀಲಿ ಇಟ್ಟುಕೊಂಡವರು ರಜೆ ಎಂದರು, ಆಮೇಲೆ ವರ್ಗವಾದರು ಎಂದರು. ಹೊಸಬರು ಮೇಲಿನವರ ಪತ್ರ ತನ್ನಿ ಎಂದರು. ಪತ್ರ ಒಯ್ದಾಗ, ಅವಧಿ ಮುಗಿದ ಕಡತಗಳನ್ನು ರದ್ದಿಗೆ ಹಾಕಿಯಾಯಿತು ಎಂದರು. ಏನೇನು ಹಾಕಿದಿರಿ, ಪಟ್ಟಿಯನ್ನಾದರೂ ಕೊಡಿ ಎಂದೆ. ಪಟ್ಟಿಯನ್ನೇ ಮಾಡಿರಲಿಲ್ಲ. ಗೆದ್ದಲು ತಿಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಇದು ಮನುಷ್ಯರು ತೂಕಕ್ಕೆ ಮಾರಿದ್ದು.

ನಮ್ಮವರ ಮೇಲೂ ನನಗೆ ಸಿಟ್ಟಿದೆ. ಕಲಾವಿದರು, ಸಂಶೋಧಕರು ಸೇರುವ ನಮ್ಮ ಇದೇ ಸಮಾವೇಶದಲ್ಲಿ ಹಿಂದೊಮ್ಮೆ ಈ ಮಾತೆತ್ತಿದಾಗ, "ತೆಲುಗು ನಾಟಕದ ಕಾಗದ ನಮಗ್ಯಾಕ್ರೀ?" ಎಂದವರಿದ್ದರು. ಅವತ್ತು ಜಗಳವಾಡಿದ್ದೆ, ಇವತ್ತೂ ಆಡಲು ಸಿದ್ಧ. ಬಳ್ಳಾರಿ 1953ರ ತನಕ ಮದರಾಸಿಗೆ ಸೇರಿತ್ತು. ಕನ್ನಡ, ತೆಲುಗು ಎರಡೂ ಭಾಷೆಯ ಆಟವನ್ನು ಒಂದೇ ಜನ ಕೂತು ನೋಡಿದರು. ತೆಲುಗಿನವರು ರಾಘವರನ್ನು ತಮ್ಮವರೆಂದರು, ನಾವು ಪರರೆಂದೆವು. ನಡುವೆ ಬಿದ್ದ ಕಾಗದಕ್ಕೆ ವಾರಸುದಾರರೇ ಇಲ್ಲವಾದರು.

ಈಗ ಆಗಬೇಕಾದ್ದನ್ನು ಹೇಳುತ್ತೇನೆ. ಯಾವ ಸ್ಥಳೀಯ ಸಂಸ್ಥೆಯೂ 1953ಕ್ಕೆ ಹಿಂದಿನ ಒಂದು ಹಾಳೆಯನ್ನೂ ಪಟ್ಟಿ ಪ್ರಕಟಿಸದೆ, ರಾಜ್ಯ ಪತ್ರಾಗಾರಕ್ಕೆ ತೋರಿಸದೆ ವಿಲೇವಾರಿ ಮಾಡಬಾರದು. ಮದರಾಸು ಸರ್ಕಾರದ ಕಡತಗಳು ಚೆನ್ನೈನ ಎಗ್ಮೋರಿನ ಪತ್ರಾಗಾರದಲ್ಲಿವೆ. ಬಳ್ಳಾರಿಯ ನಾಟಕಗಳ ಸುಳಿವು ಹುಡುಕಲು ತೆಲುಗು, ಕನ್ನಡ, ಇಂಗ್ಲಿಷ್ ಮೂರನ್ನೂ ಓದಬಲ್ಲ ಇಬ್ಬರು ಹುಡುಗರನ್ನು ಒಂದು ವರ್ಷ ಅಲ್ಲಿಗೆ ಕಳಿಸಬೇಕು, ಖರ್ಚನ್ನು ನಾವೇ ವಂತಿಗೆ ಎತ್ತಿ ಕೊಡೋಣ. ಬಳ್ಳಾರಿಗೇ ಒಂದು ರಂಗ ಪತ್ರಾಗಾರ ಬರಬೇಕು. ಸರ್ಕಾರ ಕೊಡುತ್ತದೋ ಇಲ್ಲವೋ, ನಾನಂತೂ ಕೇಳುವುದನ್ನು ಬಿಡುವುದಿಲ್ಲ.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಹ್ಯಾಂಡ್‌ಬಿಲ್, ಮಾತು ಬರೆದುಕೊಂಡ ನೋಟ್‌ಬುಕ್, ಸೀನರಿ ಬಾಡಿಗೆಯ ರಸೀತಿ ಇದ್ದರೆ ರದ್ದಿಯವನಿಗೆ ಕೊಡಬೇಡಿ, ನಮಗೆ ತೋರಿಸಿ. ಈ ಬೇಡಿಕೆಗಳ ಠರಾವು ಬಾಗಿಲ ಬಳಿಯ ಮೇಜಿನ ಮೇಲಿದೆ. ಊಟಕ್ಕೆ ಏಳುವ ಮುಂಚೆ ಪ್ರತಿಯೊಬ್ಬರೂ ಅದಕ್ಕೆ ಸಹಿ ಹಾಕಿ.