ಎರಡು ಚಿತ್ರಗಳ ನಡುವಣ ಅರ್ಥ

ಚಲಚ್ಚಿತ್ರವನ್ನು ನೋಡುತ್ತ ನಾವು ಕಣ್ಣೀರಿಡುತ್ತೇವೆ. ಮನೆಗೆ ಬಂದ ಮೇಲೆ ನಟನ ಅಭಿನಯವನ್ನೂ ಸಂಗೀತವನ್ನೂ ಹೊಗಳುತ್ತೇವೆ. ಆದರೆ ಆ ಕಣ್ಣೀರಿಗೆ ಕಾರಣನಾದ ಇನ್ನೊಬ್ಬನು, ಕತ್ತರಿ ಹಿಡಿದ ಸಂಕಲನಕಾರನು, ನಮ್ಮ ನೆನಪಿಗೆ ಬರುವುದು ಅಪರೂಪ. ಆತನ ಕೆಲಸವೇನೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಿಸೋಣ.

ಸುಮಾರು 1920ರಲ್ಲಿ ರಷ್ಯಾದ ಕುಲೆಷೋವ್ ಎಂಬಾತನು ಒಂದು ಪ್ರಯೋಗ ಮಾಡಿದನು. ಭಾವವನ್ನೇನೂ ತೋರದ ನಟನೊಬ್ಬನ ಮುಖದ ಒಂದೇ ತುಣುಕನ್ನು ಒಮ್ಮೆ ಸಾರಿನ ಬಟ್ಟಲಿನೊಡನೆ, ಒಮ್ಮೆ ಶವಪೆಟ್ಟಿಗೆಯೊಡನೆ ಜೋಡಿಸಿದನು. ನೋಡಿದವರು ಮೊದಲನೆಯದರಲ್ಲಿ ಹಸಿವನ್ನೂ ಎರಡನೆಯದರಲ್ಲಿ ಶೋಕವನ್ನೂ ಕಂಡರಂತೆ. ಮುಖ ಬದಲಾಗಿರಲಿಲ್ಲ, ನೆರೆಯ ಚಿತ್ರ ಬದಲಾಗಿದ್ದಿತು. ಈ ಜೋಡಣೆಗೆ ಮಾಂಟಾಜ್ ಎಂದು ಹೆಸರು. ನಮಗಿದು ತೀರ ಹೊಸದಲ್ಲ. ಬಹುವ್ರೀಹಿ ಸಮಾಸವನ್ನು ಸ್ಮರಿಸಿರಿ. ಮೂರು ಎಂಬುದೂ ಕಣ್ಣು ಎಂಬುದೂ ಕೂಡಿ ಮುಕ್ಕಣ್ಣನೆಂದಾದಾಗ, ಎರಡು ಪದಗಳಲ್ಲಿ ಯಾವುದರಲ್ಲಿಯೂ ಇಲ್ಲದ ಶಿವನು ನಮಗೆ ತೋರುತ್ತಾನೆ.

ನಮ್ಮ ಕನ್ನಡದಲ್ಲಿಯೇ ಉದಾಹರಣೆಯುಂಟು. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ 'ಘಟಶ್ರಾದ್ಧ'ದ ಕೊನೆಯನ್ನು ನೋಡಿರಿ. ಬಹಿಷ್ಕೃತಳಾದ ವಿಧವೆ ಯಮುನಕ್ಕ ತಲೆ ಬೋಳಿಸಲ್ಪಟ್ಟು ಮರದಡಿ ಕುಳಿತಿದ್ದಾಳೆ. ಬಾಲಕ ನಾಣಿ ತಂದೆಯೊಡನೆ ಊರು ಬಿಟ್ಟು ಹೊರಟಿದ್ದಾನೆ. ಹುಡುಗನ ನೋಟ, ಆಕೆಯ ನಿಲುವು, ಇವೆರಡೇ ಸಾಕು. ಉಪದೇಶದ ಮಾತು ಬೇಕಿಲ್ಲ. ಬದುಕಿರುವವಳಿಗೆ ಶ್ರಾದ್ಧ ಮಾಡಿ ಸಮಾಜವು ಕಡಿದುಹಾಕಿದ ಸಂಬಂಧವನ್ನು ಆ ಜೋಡಣೆಯು ನಮ್ಮ ಮನಸ್ಸಿನಲ್ಲಿ ಮತ್ತೆ ಕೂಡಿಸುತ್ತದೆ.

ಆದರೆ ಕರುಣೆಯನ್ನು ಹುಟ್ಟಿಸುವ ಕತ್ತರಿಯೇ ದ್ವೇಷವನ್ನೂ ಹುಟ್ಟಿಸಬಲ್ಲುದು. 2018ರಲ್ಲಿ ಹೊಸಹಳ್ಳಿಯ ನಮ್ಮ ಬೀದಿಯಲ್ಲಿಯೂ ಒಂದು ದೃಶ್ಯವು ಕೈಯಿಂದ ಕೈಗೆ ಹರಿದಾಡಿತು. ಬೀದಿಯಲ್ಲಾಡುತ್ತಿದ್ದ ಮಗುವನ್ನು ಮೋಟಾರು ಬೈಕಿನವರು ಎತ್ತಿಕೊಂಡು ಹೋಗುತ್ತಾರೆ. ಅದು ವಾಸ್ತವವಾಗಿ ಮಕ್ಕಳ ರಕ್ಷಣೆಯನ್ನು ಕುರಿತು ಕರಾಚಿ ನಗರಕ್ಕಾಗಿ ತಯಾರಾದ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ಮರಳಿ ತಂದು, ಎಚ್ಚರಿಕೆಯ ಫಲಕವನ್ನು ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಉಳಿದುದು ಅಪಹರಣ ಮಾತ್ರ. ನೋಡಿದ ತಾಯಂದಿರು ನಡುಗಿದರು. ನಾವೂ ನಂಬಿದೆವೆಂದು ಒಪ್ಪಿಕೊಳ್ಳಬೇಕು. ಅದೇ ವರ್ಷದ ಮೇ ತಿಂಗಳಿನಲ್ಲಿ, ನಮಗೆ ದೂರವಲ್ಲದ ಚಾಮರಾಜಪೇಟೆಯಲ್ಲಿ, ದುಡಿಮೆಗಾಗಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಭ್ರಮಿಸಿ ಗುಂಪೊಂದು ಹೊಡೆದು ಕೊಂದಿತು. ಇಂತಹ ದೃಶ್ಯಗಳೂ ವದಂತಿಗಳೂ ಜನರ ಮನಸ್ಸಿನಲ್ಲಿ ಭೀತಿಯನ್ನು ತುಂಬಿದ್ದ ದಿನಗಳವು.

ಚಿತ್ರ ನೋಡಿ ಅಳುವುದೂ ಕೋಪಿಸಿಕೊಳ್ಳುವುದೂ ತಪ್ಪಲ್ಲ. ಆದರೆ ಕಣ್ಣೀರು ನಮ್ಮದಾದರೂ ಜೋಡಣೆ ಬೇರೆಯವರದು. ಆದುದರಿಂದ ಮುಂದೆ ದೃಶ್ಯವೊಂದು ನಮ್ಮನ್ನು ಕೆರಳಿಸಿದಾಗ, ಇದರ ಹಿಂದೆ ಏನಿದ್ದಿತು, ಮುಂದೆ ಏನಿದ್ದಿತು, ಯಾವುದನ್ನು ತೆಗೆದಿರಬಹುದು ಎಂದು ಒಂದು ಕ್ಷಣ ಕೇಳಿಕೊಳ್ಳೋಣ. ವಿದ್ಯಾವಂತನಾದ ಪ್ರೇಕ್ಷಕನಿಗೆ ಇಷ್ಟು ಕರ್ತವ್ಯ ಸಲ್ಲುತ್ತದೆ.