ಹಳಸುವ ಅಳತೆ



ಗಂಟೆಗೆ 160 ಕಿ.ಮೀ. ವೇಗ ಮುಟ್ಟಿದ ವಂದೇ ಭಾರತ್ ರೈಲು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಮುಂದೆ ಸರಿಯುತ್ತದೆ. ನಮ್ಮ 5ಜಿ ಸೇವೆಗೆ ಬಳಕೆಯಾಗುವ 3.5 ಗಿಗಾಹರ್ಟ್ಸ್ ಆಸುಪಾಸಿನ ಅಲೆಯ ಉದ್ದ ಎಂಟೂವರೆ ಸೆಂಟಿಮೀಟರ್. ಅಂದರೆ ಒಂದು ಮಿಲಿಸೆಕೆಂಡು ಕಳೆಯುವಷ್ಟರಲ್ಲಿ ಬೋಗಿಯೊಳಗಿನ ಫೋನು ಅರ್ಧ ಅಲೆಯಷ್ಟು ಜಾಗ ದಾಟಿರುತ್ತದೆ. ಗೋಪುರದಿಂದ ನೇರ ಬಂದ ಅಲೆ, ಕಟ್ಟಡಕ್ಕೆ ತಾಗಿ ಬಂದ ಅಲೆ, ಸೇತುವೆಯ ಉಕ್ಕಿಗೆ ಬಡಿದು ಬಂದ ಅಲೆ ಎಲ್ಲವೂ ಕೂಡಿ ಬಲವಾಗಿದ್ದ ಸಂಕೇತ, ಅಷ್ಟರಲ್ಲೇ ಆ ಅಲೆಗಳು ಒಂದನ್ನೊಂದು ಅಳಿಸಿಕೊಂಡದ್ದರಿಂದ ಕುಸಿಯಬಹುದು. ಬೇಸ್ ಸ್ಟೇಷನ್ ಚಾನಲ್ಲನ್ನು, ಅಂದರೆ ಅಲೆಗಳು ಸಾಗಿಬರುವ ಈ ಹಾದಿಯನ್ನು, ಅಳೆಯುವುದಾದರೋ ಸಾಮಾನ್ಯವಾಗಿ ಹಲವು ಮಿಲಿಸೆಕೆಂಡುಗಳಿಗೊಮ್ಮೆ. ಆ ಅಳತೆಯನ್ನು ನಂಬಿ ಸಂಕೇತದ ಕಿರಣವನ್ನು ಫೋನಿನತ್ತ ತಿರುಗಿಸುವ ಹೊತ್ತಿಗೆ ಅದು ಹಳಸಿರುತ್ತದೆ. ಪದೇ ಪದೇ ಅಳೆದರಾಯಿತಲ್ಲ ಎನ್ನಬಹುದು. ಆದರೆ ಅಳತೆಗೆಂದು ಕಳಿಸುವ ಪ್ರತಿಯೊಂದು ಪೈಲಟ್ ಸಂಕೇತವೂ ಪ್ರಯಾಣಿಕರ ದತ್ತಾಂಶದ ಪಾಲನ್ನೇ ತಿನ್ನುತ್ತದೆ. ಹಾಗಾಗಿ ಮುಂದಿನ ಮಿಲಿಸೆಕೆಂಡುಗಳನ್ನು ಊಹಿಸದೆ ಬೇರೆ ದಾರಿಯಿಲ್ಲ. ಮೊಬೈಲ್ ಜಾಲಗಳ ಮಾನದಂಡ ರೂಪಿಸುವ 3ಜಿಪಿಪಿ ಕೂಡ ತನ್ನ 18ನೇ ಆವೃತ್ತಿಯ ಅಧ್ಯಯನದಲ್ಲಿ ಚಾನಲ್ ಸ್ಥಿತಿಯ ಊಹೆಗೆ ಯಂತ್ರಕಲಿಕೆ ಹೊಂದೀತೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿತು.

ಇಷ್ಟು ಚಂಚಲವಾದದ್ದನ್ನು ಊಹಿಸಲು ಸಾಧ್ಯವಾಗುವುದಾದರೂ ಹೇಗೆ? ಕೂಡಿದ ಮೊತ್ತ ಚಂಚಲ, ಕೂಡುವ ಅಲೆಗಳ ದಾರಿಗಳು ಅಷ್ಟು ಚಂಚಲವಲ್ಲ. ನೂರು ಮಿಲಿಸೆಕೆಂಡಿನಲ್ಲಿ ರೈಲು ಸಾಗುವುದು ನಾಲ್ಕೂವರೆ ಮೀಟರಿನಷ್ಟೇ. ದೂರದ ಕಟ್ಟಡದ ದಿಕ್ಕು ಅಷ್ಟರಲ್ಲಿ ಹೆಚ್ಚೇನೂ ಬದಲಾಗದು. ವೀನರ್ ಮತ್ತು ಕಾಲ್ಮನ್ ಶೋಧಕಗಳು (ಫಿಲ್ಟರುಗಳು) ದಶಕಗಳಿಂದ ಈ ಗುಟ್ಟನ್ನೇ ಬಳಸಿಕೊಂಡಿವೆ. ಹಾಗಿದ್ದ ಮೇಲೆ ನ್ಯೂರಲ್ ಜಾಲ ಯಾಕೆ ಬೇಕು ಎಂಬ ಆಕ್ಷೇಪ ಬಲವಾದದ್ದು. ಚಾನಲ್ಲಿನ ಸ್ವಭಾವ ಒಂದೇ ಸಮನಾಗಿರುವ ಕಡೆ ಹಳೆಯ ಶೋಧಕವೇ ಸಾಕು, ಅದೇ ಅಗ್ಗ. ತೊಡಕು ಬರುವುದು ಸ್ವಭಾವವೇ ಬದಲಾಗುವಲ್ಲಿ. ಹಳಿಯಿಂದ 50 ಮೀಟರ್ ದೂರದಲ್ಲಿ ಗೋಪುರವಿದೆ ಎಂದುಕೊಳ್ಳಿ. ರೈಲು ಅದರತ್ತ ಧಾವಿಸುವಾಗ ನೇರ ಅಲೆಯ ಡಾಪ್ಲರ್ ಪಲ್ಲಟ ಸುಮಾರು 520 ಹರ್ಟ್ಸ್ ಮೇಲಕ್ಕೆ, ದಾಟಿ ದೂರ ಹೋದ ಮೇಲೆ ಅಷ್ಟೇ ಕೆಳಕ್ಕೆ. ಈ ತಿರುವಿನ ಬಹುಪಾಲು ಗೋಪುರದ ಎದುರಿನ ಎರಡು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಹಿಂದಿನ ಬಯಲಿಗೆ ಹೊಂದಿಸಿದ ಶೋಧಕ ಅಲ್ಲಿ ಎಡವುತ್ತದೆ. ಆದರೆ ರೈಲು ಹಳಿ ಬಿಟ್ಟು ಹೋಗುವುದಿಲ್ಲ. ನಾಳೆಯೂ ಅದೇ ಗೋಪುರ, ಅದೇ ತಿರುವು. ಪಾಠ ಕಲಿಯಬಲ್ಲ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಸಿಗದು. ಆದರೂ ಸೆಂಟಿಮೀಟರ್ ಲೆಕ್ಕದ ಅಲೆಯ ಹಂತವನ್ನು (ಫೇಸ್) ಯಾವ ನೆನಪೂ ಹೇಳಲಾರದು, ಅದು ಈಗಷ್ಟೇ ಮಾಡಿದ ಅಳತೆಯಿಂದಲೇ ಬರಬೇಕು. ಜಾಗದ ಗುಣವನ್ನು ಕಲಿತು ಶೋಧಕವನ್ನು ಆ ಜಾಗಕ್ಕೆ ಹೊಂದಿಸುವುದು ಯಂತ್ರಕಲಿಕೆಯ ಕೆಲಸ, ಶೋಧಕವನ್ನೇ ಹೊರಗಟ್ಟುವುದಲ್ಲ. ನನ್ನ ವಾದ ಇಷ್ಟೇ.

ಸಂಕೇತದ ರೂಪವನ್ನೇ ಬದಲಿಸಿದರೆ ಈ ತಾಪತ್ರಯವೇ ಇರದು ಎನ್ನುವವರಿದ್ದಾರೆ. 2017ರಲ್ಲಿ ರೋನಿ ಹದಾನಿ ಮತ್ತು ಸಂಗಡಿಗರು ಮುಂದಿಟ್ಟ ಓಟಿಎಫ್ಎಸ್ ಎಂಬ ಸಂಕೇತರೂಪ ಅಂಥ ದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಚೊಕ್ಕಲಿಂಗಂ ಅವರ ತಂಡ ಇದರ ಮೇಲೆ ಬಹಳ ಕೆಲಸ ಮಾಡಿದೆ. ನಾನು ಇದನ್ನು ವಿರೋಧವೆಂದು ಕಾಣುವುದಿಲ್ಲ. ವಿಳಂಬ ಮತ್ತು ಡಾಪ್ಲರ್‌ಗಳ ಭಾಷೆಯಲ್ಲಿ ಬರೆದಾಗ ಚಾನಲ್ ನಿಧಾನವಾಗಿ ಬದಲಾಗುತ್ತದೆ ಎಂಬುದೇ ಅದರ ತಿರುಳು. ನಿಧಾನವಾದದ್ದನ್ನು ಕಲಿಯಿರಿ ಎಂಬ ಮಾತಿಗೆ ಅದು ಬೆಂಬಲವೇ.

ನನ್ನ ನಿಜವಾದ ಆತಂಕ ನಾವು ಈ ಜಾಲಗಳನ್ನು ಪರೀಕ್ಷಿಸುವ ರೀತಿಯದು. ಒಂದೇ ಓಟದ ದಾಖಲೆಯನ್ನು ಕಲಸಿ, ಎಂಬತ್ತು ಪಾಲು ತರಬೇತಿಗೆ, ಇಪ್ಪತ್ತು ಪಾಲು ಪರೀಕ್ಷೆಗೆ ಎಂದು ಹಂಚಿದರೆ, ಪಕ್ಕಪಕ್ಕದ ಕ್ಷಣಗಳು ಎರಡೂ ಕಡೆ ಸೇರಿಕೊಳ್ಳುತ್ತವೆ. ಆಗ ಬರುವ ಅಂಕ ಪ್ರಶ್ನೆಪತ್ರಿಕೆ ಮೊದಲೇ ಕಂಡವನ ಅಂಕ. ಸೂತ್ರದಿಂದ ಹುಟ್ಟಿಸಿದ ಕೃತಕ ಚಾನಲ್ಲಿನಲ್ಲಿ ಕಲಿತ ಜಾಲ ಆ ಸೂತ್ರವನ್ನು ಕಲಿತಿರುತ್ತದೆಯೇ ಹೊರತು ಊರನ್ನಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯನ್ನೇ ನೋಡಿ: ಅಲ್ಲಿ ರೈಲು ನಿಧಾನ, ಡಾಪ್ಲರ್ ಅಲ್ಪ, ಆದರೆ 57 ಸುರಂಗಗಳು. ಸುರಂಗದ ಬಾಯಲ್ಲಿ ಅಲೆಯ ದಾರಿಗಳೇ ಥಟ್ಟನೆ ಬದಲಾಗುತ್ತವೆ. ಬಯಲುಸೀಮೆಯ ವೇಗದಲ್ಲಿ ಪಳಗಿದ ಜಾಲಕ್ಕೆ ಇದು ಕಾಣದ ಲೋಕ.

ಈ ಸಮ್ಮೇಳನದ ಎರಡು ದಿನಗಳಲ್ಲಿ ಪ್ರಬಂಧ ಮಂಡಿಸುವವರಲ್ಲಿ ನನ್ನ ಕೋರಿಕೆಯಿದು. ನಿಮ್ಮ ಜಾಲವನ್ನು ಹಳಸಿದ ಅಳತೆಯ ಜೊತೆ ಹೋಲಿಸಿ ಗೆದ್ದೆವೆನ್ನಬೇಡಿ, ಚೆನ್ನಾಗಿ ಹೊಂದಿಸಿದ ಕಾಲ್ಮನ್ ಶೋಧಕದ ಎದುರು ನಿಲ್ಲಿಸಿ. ಜಾಲ ಎಂದೂ ಕಾಣದ ಹಳಿಯ ಮೇಲೆ ಪರೀಕ್ಷಿಸಿ. ಊಹೆಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಫಲಿತಾಂಶದ ಪಕ್ಕದಲ್ಲೇ ಬರೆಯಿರಿ. ಒಂದು ಮಿಲಿಸೆಕೆಂಡು ಮುಂದಿನದನ್ನು ಹೇಳಲು ಎರಡು ಮಿಲಿಸೆಕೆಂಡು ತೆಗೆದುಕೊಳ್ಳುವ ಊಹೆ ಯಾರಿಗೂ ಬೇಡ. ಅಳೆದ ದತ್ತಾಂಶವನ್ನು ದಯವಿಟ್ಟು ಎಲ್ಲರಿಗೂ ತೆರೆದಿಡಿ.